ಎರಡಿಂಚು ಎತ್ತರಿಸಿದ ಹೈಲಕ್ಸ್‌ಗೆ ಟೈರ್ ಆರಿಸಿದ್ದು: 265/70ಕ್ಕೆ ಯಾಕೆ ನಿಂತೆವು

ಗಾಡಿ ಟೊಯೋಟಾ ಹೈಲಕ್ಸ್. 2.8 ಲೀಟರ್ ಡೀಸೆಲ್, ಆಟೋಮ್ಯಾಟಿಕ್, ಬಿಡದಿಯಲ್ಲಿ ಜೋಡಣೆಯಾದದ್ದು. ಕಂಪನಿ ಕೊಟ್ಟ ಟೈರ್ 265/60 ಆರ್18 (ಅಗಲ 265 ಮಿ.ಮೀ., ಬದಿಗೋಡೆಯ ಎತ್ತರ ಅದರ ಶೇಕಡ 60, ರಿಮ್ 18 ಇಂಚು). ಮುಂದೆ ಕಾಯಿಲ್ ಸ್ಪ್ರಿಂಗ್ ಮತ್ತು ಶಾಕ್, ಹಿಂದೆ ಲೀಫ್ ಸ್ಪ್ರಿಂಗ್ ಬದಲಿಸಿ ಸುಮಾರು ಎರಡಿಂಚು ಎತ್ತರಿಸಿದ್ದಾಗಿದೆ. ಓಡಾಟ ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ಒಳರಸ್ತೆಗಳಲ್ಲಿ. ಬೆಂಗಳೂರಿಗೆ ಹೋಗಬೇಕಾದರೆ ಎನ್‌ಎಚ್ 75. ವರ್ಷದ ನಾಲ್ಕೈದು ತಿಂಗಳು ಕೆಸರು, ಉಳಿದ ತಿಂಗಳು ಟಾರು ಮತ್ತು ಜಲ್ಲಿ. ಈ ಗಾಡಿಗೆ ದೊಡ್ಡ ಟೈರ್ ಯಾವುದು ಕೂರುತ್ತದೆ, ಯಾವುದು ಕೂರುವಂತೆ ಕಂಡು ಆಮೇಲೆ ಕೈ ಕೊಡುತ್ತದೆ ಎಂಬ ಲೆಕ್ಕವನ್ನು ಮಾಡಿದ ಕ್ರಮದಲ್ಲೇ ಬರೆಯುತ್ತಿದ್ದೇವೆ. ಫಾರ್ಚೂನರ್‌ಗೂ ಇದರ ಬಹುಪಾಲು ಅನ್ವಯಿಸುತ್ತದೆ. ಇಸುಜು ವಿ-ಕ್ರಾಸ್‌ನವರು ಅಳತೆಗಳನ್ನು ಬಿಟ್ಟು ವಿಧಾನವನ್ನಷ್ಟೇ ತೆಗೆದುಕೊಳ್ಳಿ.

ಟೈರ್ ಅಂಗಡಿಗೆ ಹೋಗಿ ಕೇಳಿದರೆ ಬರುವ ಮೊದಲ ಮಾತು ಇದು: “ಲಿಫ್ಟ್ ಮಾಡ್ಸಿದ್ದೀರಲ್ಲ ಸಾರ್, 285 ಆರಾಮಾಗಿ ಕೂರತ್ತೆ.” ನಿಲ್ಲಿಸಿದ ಗಾಡಿಗೆ ಹಾಕಿ ನೋಡಿದರೆ ನಿಜಕ್ಕೂ ಕೂರುತ್ತದೆ. ಮಡ್‌ಗಾರ್ಡ್‌ಗೂ ಟೈರಿಗೂ ನಡುವೆ ಅಂಗೈ ಹೋಗುವಷ್ಟು ಜಾಗ ಕಾಣುತ್ತದೆ. ಆದರೆ ಈ ಮಾತಿನಲ್ಲಿ ಎರಡು ವಿಷಯ ಬಿಟ್ಟುಹೋಗಿವೆ.

ಒಂದು, ಲಿಫ್ಟ್ ಕಿಟ್ ಜಾಗ ಕೊಡುವುದು ಮೇಲಕ್ಕೆ ಮಾತ್ರ. ಮುಂದಿನ ಚಕ್ರದ ಹಿಂಬದಿಯಲ್ಲಿ, ಬಾಗಿಲಿನ ಕಡೆಗೆ, ಒಂದು ಮಿಲಿಮೀಟರ್ ಕೂಡ ಹೆಚ್ಚಾಗುವುದಿಲ್ಲ. ದೊಡ್ಡ ಟೈರ್ ಮೊದಲು ತಾಗುವುದೇ ಅಲ್ಲಿ. ಎರಡು, ಮೇಲಿನ ಜಾಗವೂ ಗಾಡಿ ನಿಂತಿರುವಾಗಿನದು. ಗುಂಡಿಗೆ ಇಳಿದು ಸಸ್ಪೆನ್ಷನ್ ಪೂರ್ತಿ ಒತ್ತಿಕೊಂಡಾಗ ಚಕ್ರ ಎಲ್ಲಿಯವರೆಗೆ ಏರಬೇಕು ಎಂದು ತೀರ್ಮಾನಿಸುವುದು ಬಂಪ್ ಸ್ಟಾಪ್ ಎಂಬ ರಬ್ಬರ್ ತಡೆ. ಅದನ್ನು ಕಿಟ್ ಮುಟ್ಟಿಲ್ಲದಿದ್ದರೆ, ಲಿಫ್ಟ್ ಆದ ಮೇಲೂ ಚಕ್ರ ಮೊದಲಿನಷ್ಟೇ ಮೇಲೆ ಬರುತ್ತದೆ. ಸ್ಪ್ರಿಂಗ್ ಬಿಗಿಯಾದ್ದರಿಂದ ಅಲ್ಲಿಗೆ ಮುಟ್ಟುವುದು ಅಪರೂಪವಾಗಬಹುದು, ಅಷ್ಟೆ. ಅದಕ್ಕೇ ಟೈರಿನ ಅಳತೆಯನ್ನು ಲಿಫ್ಟಿನ ಇಂಚು ನೋಡಿ ಆರಿಸಲು ಬರುವುದಿಲ್ಲ. ಫುಲ್ ಕಟ್ ಹೊಡೆದು (ಸ್ಟೇರಿಂಗ್ ಕೊನೆಯವರೆಗೆ ತಿರುಗಿಸಿ), ಸಸ್ಪೆನ್ಷನ್ ಪೂರ್ತಿ ಒತ್ತಿದಾಗ ಅತಿ ಇಕ್ಕಟ್ಟಾದ ಜಾಗ ಯಾವುದೋ ಅದನ್ನು ನೋಡಿ ಆರಿಸಬೇಕು.

ಹಾಗಾದರೆ ಲಿಫ್ಟ್ ಯಾತಕ್ಕೆ? ಚಾಸಿ, ಬಾಗಿಲ ಕೆಳಗಿನ ಅಂಚು, ಮುಂದಿನ ಬಂಪರ್ ಇವು ನೆಲದಿಂದ ಮೇಲೇರಲು. ಹಿಂದಿನ ಆಕ್ಸಲ್ ನಡುವಿನ ಡಿಫರೆನ್ಷಿಯಲ್ ಗುಂಡು ಮಾತ್ರ ಲಿಫ್ಟಿನಿಂದ ಕೂದಲೆಳೆಯಷ್ಟೂ ಏರುವುದಿಲ್ಲ. ಅದನ್ನು ಏರಿಸುವುದು ಟೈರ್ ಒಂದೇ. ತೋಟದ ರಸ್ತೆಯಲ್ಲಿ ಟ್ರ್ಯಾಕ್ಟರ್ ಕೊರೆದ ಎರಡು ಗಾಲಿಜಾಡಿನ ನಡುವಿನ ದಿಣ್ಣೆಗೆ ತಗಲುವುದು ಆ ಗುಂಡೇ. ಲಿಫ್ಟ್ ಬೇರೆ ಕೆಲಸ, ಟೈರ್ ಬೇರೆ ಕೆಲಸ. ಒಂದಕ್ಕಾಗಿ ಇನ್ನೊಂದನ್ನು ಮಾಡಿಸುವುದು ಸುಮ್ಮನೆ ದುಡ್ಡಿಗೆ ದಂಡ.

ಅಳತೆಯ ಲೆಕ್ಕ

ಪಟ್ಟಿಗೆ ಬಂದದ್ದು ಮೂರು ಅಳತೆ. ಲೆಕ್ಕ ಸುಲಭ: ಅಗಲವನ್ನು ಶೇಕಡಾವಾರಿಗೆ ಗುಣಿಸಿದರೆ ಒಂದು ಬದಿಯ ಗೋಡೆಯ ಎತ್ತರ, ಅದರ ಎರಡು ಪಟ್ಟಿಗೆ ರಿಮ್ಮಿನ ಇಂಚನ್ನು ಮಿಲಿಮೀಟರ್ ಮಾಡಿ ಕೂಡಿದರೆ ಪೂರ್ತಿ ಎತ್ತರ. ಕಂಪನಿಯ 265/60 ಆರ್18 ಬಂದು 775 ಮಿ.ಮೀ. ಕೆಳಗಿನ ವೇರಿಯಂಟ್‌ಗೆ ಬರುವ 265/65 ಆರ್17 ಕೂಡ 776. ಎರಡೂ ಒಂದೇ ಎನ್ನಬಹುದು.

265/70 ಆರ್17 ಆದರೆ 803 ಮಿ.ಮೀ. ಅಂದರೆ 31.6 ಇಂಚು. ಕಂಪನಿಗಿಂತ ಎತ್ತರದಲ್ಲಿ 28 ಹೆಚ್ಚು; ಡಿಫರೆನ್ಷಿಯಲ್ ಏರುವುದು ಅದರ ಅರ್ಧ, ಸುಮಾರು 14 ಮಿ.ಮೀ.

265/65 ಆರ್18 ಆದರೆ 802. ಎತ್ತರ ಅದೇ, ರಿಮ್ ಬದಲಿಸುವ ತಾಪತ್ರಯ ಇಲ್ಲ.

285/70 ಆರ್17 ಆದರೆ 831 ಮಿ.ಮೀ. ಎಲ್ಲರೂ ‘33’ ಎಂದು ಕರೆಯುವುದು ಇದನ್ನೇ. ನಿಜದಲ್ಲಿ 32.7. ಡಿಫರೆನ್ಷಿಯಲ್ ಏರುವುದು ಹತ್ತಿರ ಹತ್ತಿರ 28 ಮಿ.ಮೀ.

ಈ ಸಂಖ್ಯೆಗಳೆಲ್ಲ ಕಾಗದದ ಮೇಲಿನವು. ಒಂದೇ ಅಳತೆಯ ಎರಡು ಬ್ರ್ಯಾಂಡ್ ಪಕ್ಕಪಕ್ಕ ನಿಲ್ಲಿಸಿದರೆ ಎತ್ತರದಲ್ಲಿ ಐದಾರು ಮಿ.ಮೀ., ಅಗಲದಲ್ಲಿ ಅದಕ್ಕಿಂತ ಹೆಚ್ಚು ವ್ಯತ್ಯಾಸ ಸಿಗುತ್ತದೆ. ಭುಜದ (ಮೈಯೂ ಬದಿಯೂ ಸೇರುವ ಅಂಚಿನ) ಮೇಲೆ ದಪ್ಪ ಗಟ್ಟಿಗಳಿರುವ ಮಡ್ ಟೈರ್‌ಗಳಲ್ಲಿ ಇದು ಎದ್ದು ಕಾಣುತ್ತದೆ. ತಾಗುವುದು ನಡುಭಾಗವಲ್ಲ, ಆ ಭುಜವೇ. ಆದ್ದರಿಂದ ಅಳತೆ ಆರಿಸಿದ ಮೇಲೆ ಬ್ರ್ಯಾಂಡ್ ನೋಡುವುದಲ್ಲ, ಎರಡನ್ನೂ ಒಟ್ಟಿಗೇ ನೋಡಬೇಕು.

18ರಿಂದ 17ಕ್ಕೆ ಇಳಿದದ್ದಕ್ಕೆ ಎರಡು ಕಾರಣ. 265/65 ಆರ್18ರ ಬದಿಯ ಗೋಡೆ 172 ಮಿ.ಮೀ.; 265/70 ಆರ್17ರದ್ದು 185. ಗಾಳಿ ಇಳಿಸಿ ಕೆಸರಿನಲ್ಲಿ ಓಡಿಸುವಾಗ ಆ 13 ಮಿ.ಮೀ. ಕೆಲಸಕ್ಕೆ ಬರುತ್ತದೆ, ಕಲ್ಲಿಗೆ ಬಡಿದಾಗ ರಿಮ್ ಉಳಿಯುತ್ತದೆ. ಎರಡನೆಯದು, 17 ಇಂಚಿನಲ್ಲಿ ಆಲ್ ಟೆರೇನ್ (ಟಾರು, ಮಣ್ಣು ಎರಡಕ್ಕೂ ನಡೆಯುವ) ಟೈರ್‌ಗಳ ಆಯ್ಕೆ ಹೆಚ್ಚು. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರ್‌ಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿದ ಮೇಲೆ ಲೈಸೆನ್ಸ್ ಇಲ್ಲದೆ ತರುವಂತಿಲ್ಲ. ಹೊರದೇಶದ ವಿಡಿಯೊ ನೋಡಿ ಮನಸ್ಸಿಗೆ ಹಿಡಿದ ಟೈರ್ ಇಲ್ಲಿ ಸಿಗದಿರಬಹುದು. ಇವತ್ತು ಸಿಕ್ಕರೂ, ಎರಡು ವರ್ಷ ಬಿಟ್ಟು ಒಂದು ಹರಿದಾಗ ಅದರ ಜೋಡಿ ಸಿಗದಿರಬಹುದು. ಸದಾ ಸ್ಟಾಕ್ ಇರುವ ಅಳತೆ ಯಾವುದು ಎಂದು ಹಾಸನದಲ್ಲೂ ಮಂಗಳೂರಿನಲ್ಲೂ ಫೋನ್ ಮಾಡಿ ಕೇಳುವುದು ಈ ಕೆಲಸದ ಮೊದಲ ಹೆಜ್ಜೆಯಾಗಬೇಕು. ಯಾವ ಟೈರ್ ಕೊಂಡರೂ ಐಎಸ್‌ಐ ಗುರುತು ಇದೆಯೇ ಎಂದು ನೋಡಿ.

ರಿಮ್ ಮತ್ತು ಆಫ್‌ಸೆಟ್

ಕೆಳಗಿನ ವೇರಿಯಂಟ್‌ನ 17 ಇಂಚಿನ ಕಂಪನಿ ರಿಮ್ ತೆಗೆದುಕೊಂಡೆವು. ಆ ಗಾಡಿಗೆ ಅದೇ ಬರುವುದರಿಂದ ಬ್ರೇಕ್ ಕ್ಯಾಲಿಪರ್‌ಗೆ ತಾಗುವ ಭಯವಿಲ್ಲ. ಅಗಲ ಏಳೂವರೆ ಇಂಚು. 265/70ಕ್ಕೆ 7ರಿಂದ 9 ಇಂಚಿನವರೆಗೆ ರಿಮ್ ನಡೆಯುತ್ತದೆ. 285/70ಕ್ಕೂ ಏಳೂವರೆ ಇಂಚು ಸಾಲುತ್ತದೆ, ಆದರೆ ಅದು ಅದರ ಕೆಳಮಿತಿ.

ಹೊರಗಿನ ರಿಮ್ ಕೊಳ್ಳುವವರು ನೋಡಬೇಕಾದ್ದು ಮೂರು. ಬೋಲ್ಟ್ ವೃತ್ತ 6×139.7. ಇದು ಬೇರೆ ಹಲವು ಗಾಡಿಗಳಿಗೂ ಒಂದೇ. ಆದರೆ ಮಧ್ಯದ ರಂಧ್ರ ಒಂದೇ ಅಲ್ಲ. ಟೊಯೋಟಾದ್ದು 106.1 ಮಿ.ಮೀ. ಫೋರ್ಡ್ ಎಂಡೇವರ್‌ನದ್ದು 93.1, ಬೋಲ್ಟ್ ಕೂತರೂ ಆ ರಿಮ್ ಹೈಲಕ್ಸ್‌ನ ಹಬ್ ಮೇಲೆ ಕೂರುವುದಿಲ್ಲ. ಮೂರನೆಯದು ನಟ್ ಕೂರುವ ಜಾಗದ ಆಕಾರ. ಕೋನಾಕಾರದ ನಟ್ ಬೇಡುವ ರಿಮ್ಮಿಗೆ ಚಪ್ಪಟೆ ವಾಷರಿನ ನಟ್ ಹಾಕಿ ಬಿಗಿದರೆ ಬಿಗಿಯಾದಂತೆ ಕಾಣುತ್ತದೆ, ಓಡಿದಂತೆ ಸಡಿಲವಾಗುತ್ತದೆ.

ಇನ್ನು ಆಫ್‌ಸೆಟ್, ಅಂದರೆ ರಿಮ್ ಅಗಲದ ನಡುಗೆರೆಯಿಂದ ಹಬ್‌ಗೆ ಕೂರುವ ಮುಖ ಎಷ್ಟು ಮಿ.ಮೀ. ಹೊರಗಿದೆ ಎಂಬ ಅಳತೆ; ಇಟಿ ಎಂದು ಬರೆಯುತ್ತಾರೆ. ಹೆಚ್ಚಿನವರು ಸೋಲುವುದು ಇಲ್ಲೇ. ಕಂಪನಿ ರಿಮ್ಮಿನದು ಇಟಿ 30 ಆಸುಪಾಸು. ಟೈರ್ ಹೊರಗೆ ಚಾಚಿ ನಿಂತರೆ ಚೆನ್ನಾಗಿ ಕಾಣುತ್ತದೆಂದು ಎಂಟೂವರೆ ಇಂಚು ಅಗಲದ, ಇಟಿ 0 ರಿಮ್ ಹಾಕಿದಿರಿ ಎನ್ನಿ. ಆಫ್‌ಸೆಟ್‌ನಿಂದ 30, ಅಗಲದ ಅರ್ಧ ಇಂಚಿನಿಂದ 12.7, ಒಟ್ಟು 43 ಮಿ.ಮೀ. ಹೊರಗಿನ ಅಂಚು ಆಚೆ ಬರುತ್ತದೆ. ಸ್ಟೇರಿಂಗ್ ತಿರುಗುವ ಅಕ್ಷದಿಂದ ಟೈರ್ ದೂರ ಹೋದಷ್ಟೂ, ಫುಲ್ ಕಟ್‌ನಲ್ಲಿ ಅದು ಸುತ್ತುವ ವೃತ್ತ ದೊಡ್ಡದಾಗುತ್ತದೆ. ಹಿಂದೆ ಬಾಡಿ ಮೌಂಟಿಗೂ (ಕ್ಯಾಬಿನ್ ಚಾಸಿಗೆ ಕೂರುವ ಜಾಗ) ಮುಂದೆ ಬಂಪರಿನ ಮೂಲೆಗೂ ಟೈರ್ ಹೋಗಿ ಬಡಿಯುತ್ತದೆ. ಕಂಪನಿ ಆಫ್‌ಸೆಟ್‌ನಲ್ಲಿ ತಾಗದ ಟೈರ್ ಇಟಿ 0ಯಲ್ಲಿ ತಾಗುತ್ತದೆ. ವೀಲ್ ಬೇರಿಂಗಿನ ಮೇಲೆ ಎಳೆತ, ಗುಂಡಿಗೆ ಬಿದ್ದಾಗ ಸ್ಟೇರಿಂಗ್ ಕೈಯಿಂದ ಕಿತ್ತುಕೊಳ್ಳುವುದು, ಕೆಸರೆಲ್ಲ ಬಾಗಿಲಿಗೆ ಎರಚುವುದು ಇವೆಲ್ಲ ಜೊತೆಗೇ ಬರುತ್ತವೆ.

ಉಲ್ಟಾ ಕಡೆಯಿಂದಲೂ ಒಂದು ಮಿತಿ ಇದೆ. ಕಂಪನಿ ಆಫ್‌ಸೆಟ್‌ನಲ್ಲೇ 285 ಹಾಕಿದರೆ ಟೈರ್ ಒಳಕ್ಕೆ 10 ಮಿ.ಮೀ. ಬರುತ್ತದೆ, ಮೇಲಿನ ಕಂಟ್ರೋಲ್ ಆರ್ಮ್‌ಗೆ (ಚಕ್ರವನ್ನು ಚಾಸಿಗೆ ಹಿಡಿದಿಡುವ ತೋಳು) ಹತ್ತಿರವಾಗುತ್ತದೆ. ಅಲ್ಲಿ ಕಿರುಬೆರಳ ದಪ್ಪದ ಸಂದಾದರೂ ಉಳಿಯಬೇಕು, ಏಕೆಂದರೆ ಒಣಗಿದ ಕೆಂಪು ಜೇಡಿ ಆ ಸಂದಿನಲ್ಲಿ ಕೂತು ಅರದಂತೆ ಟೈರನ್ನು ಉಜ್ಜುತ್ತದೆ. 285ಕ್ಕೆ ಒಗ್ಗುವ ರಿಮ್ ಎಂದರೆ ಎಂಟು ಇಂಚು, ಇಟಿ 20 ಆಸುಪಾಸು: ಒಳಗೆ ನಾಲ್ಕು ಮಿ.ಮೀ. ಬಿಟ್ಟುಕೊಡುತ್ತದೆ, ಹೊರಗೆ 16 ಚಾಚುತ್ತದೆ. 265/70ಕ್ಕೆ ಇದ್ಯಾವುದೂ ಬೇಡ. ಕಂಪನಿ ರಿಮ್ಮಿನ ಮೇಲೆ ಕೂರುತ್ತದೆ. ನಮ್ಮ ತೀರ್ಮಾನದ ಅರ್ಧ ಪಾಲು ಇದೇ.

ತಾಗುತ್ತದೋ ಇಲ್ಲವೋ ನೋಡಿದ ಬಗೆ

ಟೈರ್ ಕೊಳ್ಳುವ ಮೊದಲೇ ಇದನ್ನು ಮಾಡಬಹುದು, ಮಾಡಬೇಕು. 265/70, 285/70 ಎರಡು ಅಳತೆಯದ್ದೂ ಒಂದೊಂದು ಹಳೆಯ ಟೈರ್ ರಿಮ್ ಸಮೇತ ಎರವಲು ತಂದು, ಮುಂದಿನ ಎಡಕ್ಕೆ ಒಮ್ಮೆ, ಬಲಕ್ಕೆ ಒಮ್ಮೆ ಹಾಕಿ ನೋಡಿದ್ದು. ಎರಡೂ ಕಡೆ ನೋಡಲೇಬೇಕು. ಚಾಲಕನ ಕಡೆ, ಎದುರು ಕಡೆ ಎಂದು ಎತ್ತರದಲ್ಲಿ ಕೆಲವು ಮಿ.ಮೀ. ವ್ಯತ್ಯಾಸ ಇದ್ದೇ ಇರುತ್ತದೆ. ಲಿಫ್ಟ್ ಎಷ್ಟಾಗಿದೆ ಎಂದು ಅಳೆಯುವಾಗಲೂ ನೆಲದಿಂದ ಅಳೆಯಬೇಡಿ. ಹಬ್ಬಿನ ನಡುವಿನಿಂದ ನೆಟ್ಟಗೆ ಮೇಲಿನ ಮಡ್‌ಗಾರ್ಡ್ ಅಂಚಿಗೆ ಅಳೆಯಿರಿ. ಟೈರ್ ಯಾವುದಿದ್ದರೂ ಆ ಅಳತೆ ಬದಲಾಗುವುದಿಲ್ಲ.

ಬೇಕಾದ ಸಾಮಾನು: ಟ್ರಾಲಿ ಜಾಕಿ, ಚಾಸಿಗೆ ಕೊಡುವ ಎರಡು ಸ್ಟ್ಯಾಂಡ್, ಹಿಂದಿನ ಚಕ್ರಕ್ಕೆ ಅಡ್ಡ ಕೊಡಲು ಮರದ ದಿಮ್ಮಿ, ಸೀಮೆಸುಣ್ಣ, ಮತ್ತು ಗಟ್ಟಿಯಾಗಿ ಕಲಸಿದ ಗೋಧಿ ಹಿಟ್ಟು. ಹಿಟ್ಟಿನ ಉಂಡೆಯನ್ನು ತೆಳು ಪ್ಲಾಸ್ಟಿಕ್‌ನಲ್ಲಿ ಸುತ್ತಿ ನಾಲ್ಕು ಜಾಗದಲ್ಲಿ ಅಂಟಿಸಿ: ಬಾಡಿ ಮೌಂಟಿನ ಮುಂಮುಖಕ್ಕೆ, ಅದರ ಮೇಲೆ ಒಳಗಿನ ತಗಡು ಜೋಡಿಸಿದ ಅಂಚಿಗೆ (ಪಿಂಚ್ ವೆಲ್ಡ್ ಅನ್ನುತ್ತಾರೆ), ಬಂಪರಿನ ಹಿಂಮೂಲೆಗೆ, ಮೇಲಿನ ಕಂಟ್ರೋಲ್ ಆರ್ಮ್‌ಗೆ. ಆಮೇಲೆ ಒಂದು ಬದಿ ಚಕ್ರವನ್ನು ದಿಣ್ಣೆ ಹತ್ತಿಸಿ, ಎಡಕ್ಕೂ ಬಲಕ್ಕೂ ಫುಲ್ ಕಟ್ ಹೊಡೆದು, ಹಿಂದೆ ಮುಂದೆ ನಿಧಾನ ಓಡಿಸಿ. ಇಳಿದು ಉಂಡೆಗಳನ್ನು ಬಿಡಿಸಿ ದಪ್ಪ ಅಳೆಯಿರಿ. ಒತ್ತಿ ಉಳಿದ ಹಿಟ್ಟಿನ ದಪ್ಪವೇ ನಿಮಗಿರುವ ಸಂದು. ಟೈರ್ ಭುಜದ ಗಟ್ಟಿಗಳ ಅಚ್ಚು ಕೂಡ ಅದರ ಮೇಲೆ ಮೂಡಿರುತ್ತದೆ. ಯಾವ ಗಟ್ಟಿ, ಎಷ್ಟು ಒಳಗೆ ಬಂದಿದೆ ಎಂದು ಬೆರಳಿಟ್ಟು ತೋರಿಸಬಹುದು. 10 ಮಿ.ಮೀ.ಗಿಂತ ಕಡಿಮೆ ಉಳಿದಿದ್ದರೆ ತಾಗುತ್ತದೆ ಎಂದೇ ಲೆಕ್ಕ ಹಾಕಿ. ಓಡುವಾಗ ರಬ್ಬರ್ ಬುಷ್‌ಗಳು ಕುಗ್ಗುತ್ತವೆ, ಜೋರು ಬ್ರೇಕಿಗೆ ಚಕ್ರ ಹಿಂದಕ್ಕೆ ಎಳೆಯುತ್ತದೆ. ಆ ಪರೀಕ್ಷೆ ನಿಧಾನದ ದಿಣ್ಣೆಯಲ್ಲಿ ಆಗುವುದಿಲ್ಲ.

ದಿಣ್ಣೆಯಲ್ಲಿ ಸಸ್ಪೆನ್ಷನ್ ಪೂರ್ತಿ ಒತ್ತುವುದೂ ಇಲ್ಲ. ಪೂರ್ತಿ ನೋಡಬೇಕೆಂದರೆ ಗ್ಯಾರೇಜಿನಲ್ಲಿ ಚಾಸಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿ, ಮುಂದಿನ ಶಾಕ್ ಸ್ಪ್ರಿಂಗ್ ಜೋಡಿಯನ್ನು ಬಿಚ್ಚಿ ಹೊರಗಿಟ್ಟು, ಚಕ್ರ ಹಾಕಿ, ಕೆಳಗಿನ ಆರ್ಮ್‌ಗೆ ಜಾಕಿ ಕೊಟ್ಟು ಬಂಪ್ ಸ್ಟಾಪ್ ಮುಟ್ಟುವವರೆಗೆ ಎತ್ತಿ ಸ್ಟೇರಿಂಗ್ ತಿರುಗಿಸಬೇಕು. ಲಿಫ್ಟ್ ಕಿಟ್ ಹಾಕುವ ದಿನವೇ ಇದನ್ನು ಮಾಡಿಬಿಟ್ಟರೆ ಕೂಲಿ ಉಳಿಯುತ್ತದೆ, ಹೇಗೂ ಬಿಚ್ಚಿರುತ್ತಾರೆ. ಜೋಡಿಯ ಸ್ಪ್ರಿಂಗನ್ನು ಕಂಪ್ರೆಸರ್ ಇಲ್ಲದೆ ಬಿಚ್ಚಲು ಹೋಗಬೇಡಿ. ಶಾಕ್ ಸಮೇತ ಇಡಿಯಾಗಿ ಹೊರತೆಗೆದರೆ ಸಾಕು.

ಸಿಕ್ಕ ಫಲ: 265/70 ನೇರ ನಿಂತಾಗ ಎಲ್ಲೂ ತಾಗುವುದಿಲ್ಲ. ಫುಲ್ ಕಟ್‌ನಲ್ಲಿ ಹಿಂದಿನ ಪ್ಲಾಸ್ಟಿಕ್ ಲೈನರ್‌ಗೆ ಸವರುತ್ತದೆ, ತಗಡಿಗಾಗಲಿ ಬಾಡಿ ಮೌಂಟಿಗಾಗಲಿ ಇಲ್ಲ. ಲೈನರನ್ನು ಹೀಟ್ ಗನ್‌ನಿಂದ ಬಿಸಿ ಮಾಡಿ ಹಿಂದಕ್ಕೆ ಒತ್ತಿ, ಎರಡು ಕ್ಲಿಪ್ ಜಾಗ ಬದಲಿಸಿದರೆ ಅದೂ ಹೋಗುತ್ತದೆ. ಮಡ್‌ಫ್ಲ್ಯಾಪಿನ ಒಳಮೂಲೆಯನ್ನು ಒಂದಿಷ್ಟು ಕತ್ತರಿಸಬೇಕಾಗುತ್ತದೆ, ಕಿತ್ತು ಎಸೆಯಬೇಡಿ. ಅದಿಲ್ಲದಿದ್ದರೆ ಜಲ್ಲಿ ಬಡಿದು ಬಾಗಿಲ ಕೆಳಗಿನ ಬಣ್ಣ ಒಂದೇ ಮಳೆಗಾಲದಲ್ಲಿ ಹೋಗುತ್ತದೆ.

285/70 ಬೇರೆಯೇ ಕಥೆ. ಹಿಂದೆ ಲೈನರ್ ದಾಟಿ ಪಿಂಚ್ ವೆಲ್ಡ್‌ಗೂ ಬಾಡಿ ಮೌಂಟಿಗೂ ಬರುತ್ತದೆ, ಮುಂದೆ ಬಂಪರ್ ಮೂಲೆಗೆ ಬರುತ್ತದೆ. ಹಾಕಲಾಗದು ಎಂದಲ್ಲ. ಪಿಂಚ್ ವೆಲ್ಡಿನ ಅಂಚನ್ನು ಸುತ್ತಿಗೆಯಿಂದ ಮಡಿಸಿ, ಸತುವಿನ ಪ್ರೈಮರ್ ಹೊಡೆದು, ಸೀಮ್ ಸೀಲರ್ ತುಂಬಬೇಕು. ಬಾಡಿ ಮೌಂಟಿನ ಮುಂಮೂಲೆಯನ್ನು ಕತ್ತರಿಸಿ, ಹೊಸ ತಗಡು ವೆಲ್ಡ್ ಮಾಡಿ ಮುಚ್ಚಬೇಕು. ಅದು ಕ್ಯಾಬಿನ್ ಚಾಸಿಗೆ ಕೂತಿರುವ ಜಾಗ. ಕತ್ತರಿಸಿ ಬಾಯಿ ತೆರೆದೇ ಬಿಟ್ಟವರನ್ನು ನೋಡಿದ್ದೇವೆ. ಮಲೆನಾಡಿನ ಮಳೆಗೆ ಅಂಥ ಬಾಯೊಳಗೆ ನೀರು, ಮಣ್ಣು ತುಂಬಿ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಚೆನ್ನಾಗಿ ಮಾಡುವ ಕೈ ಸಿಕ್ಕರೆ ಮಾಡಿಸಬಹುದು. 14 ಮಿ.ಮೀ.ನ ಬದಲು 28 ಮಿ.ಮೀ. ಸಿಗಲು ಹೊಸ ಗಾಡಿಯ ಕ್ಯಾಬಿನ್ ಮೌಂಟ್ ಕೊಯ್ಯುವುದು ನಮಗೆ ಸರಿ ಕಾಣಲಿಲ್ಲ.

ಅಲೈನ್‌ಮೆಂಟ್‌ನಲ್ಲಿ ಸಿಗುವ ಜಾಗ

ಇದು ಟೈರ್ ಅಂಗಡಿಯವರು ಹೇಳದ ವಿಷಯ. ಸ್ವತಂತ್ರ ಸಸ್ಪೆನ್ಷನ್ನಿನ ಗಾಡಿಯ ಮುಂಭಾಗ ಎತ್ತರಿಸಿದಾಗ ಕ್ಯಾಸ್ಟರ್, ಅಂದರೆ ಸ್ಟೇರಿಂಗ್ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ, ಕಡಿಮೆಯಾಗುತ್ತದೆ. ಸ್ಟೇರಿಂಗ್ ಹಗುರವಾಗಿ, ಹೈವೇಯಲ್ಲಿ ಗಾಡಿ ಅಲೆದಾಡಿದಂತಾಗುತ್ತದೆ, ತಿರುವಿನಿಂದ ತಾನಾಗಿ ನೇರಕ್ಕೆ ಬರುವ ಗುಣ ಮಂದವಾಗುತ್ತದೆ. ಇದನ್ನು ಸರಿಪಡಿಸಲು ಎರಡು ದಾರಿ. ಕೆಳಗಿನ ಆರ್ಮ್‌ನ ಕ್ಯಾಮ್ ಬೋಲ್ಟ್‌ಗಳನ್ನು ತಿರುಗಿಸಿ ಕೆಳಗಿನ ಬಾಲ್ ಜಾಯಿಂಟನ್ನು ಮುಂದಕ್ಕೆ ತರುವುದು ಒಂದು. ಹೊಸ ಮೇಲಿನ ಆರ್ಮ್ ಹಾಕಿ ಮೇಲಿನ ಬಾಲ್ ಜಾಯಿಂಟನ್ನು ಹಿಂದಕ್ಕೆ ಒಯ್ಯುವುದು ಇನ್ನೊಂದು. ಅಲೈನ್‌ಮೆಂಟ್ ಕಾಗದದ ಮೇಲೆ ಎರಡರದ್ದೂ ಒಂದೇ ಡಿಗ್ರಿ ತೋರಿಸುತ್ತದೆ. ಟೈರಿಗೆ ಮಾತ್ರ ಒಂದೇ ಅಲ್ಲ: ಮೊದಲನೆಯದರಲ್ಲಿ ಚಕ್ರ ಕೆಲವು ಮಿ.ಮೀ. ಮುಂದಕ್ಕೆ ಸರಿದು ಬಾಡಿ ಮೌಂಟಿನಿಂದ ದೂರವಾಗುತ್ತದೆ, ಎರಡನೆಯದರಲ್ಲಿ ತುಸು ಹಿಂದಕ್ಕೆ ಹೋಗಿ ಹತ್ತಿರವಾಗುತ್ತದೆ. ಆದ್ದರಿಂದ ಸಿಗುವಷ್ಟು ಕ್ಯಾಸ್ಟರನ್ನು ಮೊದಲು ಕೆಳಗಿನಿಂದ ತೆಗೆಯಲು ಹೇಳಬೇಕು. ಎರಡಿಂಚಿನ ಲಿಫ್ಟಿಗೆ ಸಾಮಾನ್ಯವಾಗಿ ಅಷ್ಟು ಸಾಕಾಗುತ್ತದೆ. ಅದಕ್ಕೂ ಮೇಲೆ ಏರಿಸಿದವರಿಗೆ ಬಾಲ್ ಜಾಯಿಂಟಿನ ಕೋನಕ್ಕಾಗಿ ಮೇಲಿನ ಆರ್ಮ್ ಬದಲಿಸದೆ ಗತಿಯಿಲ್ಲ.

ಅಲೈನ್‌ಮೆಂಟ್ ಅಂಗಡಿಯವರು ಟೋ (ಮುಂದಿನ ಎರಡು ಚಕ್ರ ಒಂದಕ್ಕೊಂದು ಎಷ್ಟು ಸಮಾನಾಂತರ ಎಂಬ ಕೋನ) ಒಂದನ್ನೇ ಸರಿಮಾಡಿ, ಹಸಿರು ಬಣ್ಣ ತೋರಿಸಿ ಕಳಿಸಲು ನೋಡುತ್ತಾರೆ. ಕ್ಯಾಮ್ ಬೋಲ್ಟ್ ಸಡಿಲಿಸಿ ಮೂರೂ ಕೋನ ಕೂರಿಸಲು ಮೊದಲೇ ಮಾತಾಡಿಕೊಳ್ಳಿ. ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಸೊನ್ನೆಯ ಆಸುಪಾಸು, ಕ್ಯಾಸ್ಟರ್ ಎರಡೂ ಕಡೆ ಅರ್ಧ ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿಲ್ಲದೆ ಸಿಗುವಷ್ಟು ಹೆಚ್ಚು, ಆಮೇಲೆ ಟೋ. ಈ ಕ್ರಮ ಉಲ್ಟಾ ಮಾಡಿದರೆ ಟೋ ಮತ್ತೆ ಕೆಡುತ್ತದೆ. ಕೆಲಸ ಮುಗಿದ ಮೇಲೆ ಹಿಟ್ಟಿನ ಪರೀಕ್ಷೆ ಇನ್ನೊಮ್ಮೆ.

ಲಿಫ್ಟ್ ಕಿಟ್ಟಿನ ಸ್ಪ್ರಿಂಗ್ ಬಗ್ಗೆ ಒಂದು ಮಾತು. ಕಿಟ್ ಮಾಡುವವರು ಮುಂದಿನ ಸ್ಪ್ರಿಂಗನ್ನು ಬುಲ್‌ಬಾರ್, ವಿಂಚ್ ಇದ್ದರೆ ಒಂದು, ಇಲ್ಲದಿದ್ದರೆ ಒಂದು ಎಂದು ಬೇರೆ ಬೇರೆ ಕೊಡುತ್ತಾರೆ. ನಮ್ಮಲ್ಲಿ 2017ರ ಡಿಸೆಂಬರಿನಿಂದ ಬುಲ್‌ಬಾರಿಗೆ ನಿಷೇಧ ಇದೆ. ಖಾಲಿ ಮುಂಭಾಗಕ್ಕೆ ಭಾರದ ಸ್ಪ್ರಿಂಗ್ ಹಾಕಿದರೆ ಹೇಳಿದ್ದಕ್ಕಿಂತ ಹೆಚ್ಚು ಏರುತ್ತದೆ, ಡ್ರೈವ್ ಶಾಫ್ಟಿನ ಕೋನ ಕೆಡುತ್ತದೆ, ಕ್ಯಾಸ್ಟರ್ ಸಿಗುವುದೇ ಇಲ್ಲ. ಹಿಂದೆಯೂ ಹಾಗೆಯೇ: ಸದಾ ಮುನ್ನೂರು ಕೆಜಿ ಹೊರುವ ಗಾಡಿಯ ಲೀಫ್ ಸ್ಪ್ರಿಂಗನ್ನು ಖಾಲಿ ಓಡುವ ಗಾಡಿಗೆ ಹಾಕಿದರೆ ಬೆನ್ನುಮೂಳೆ ಲೆಕ್ಕ ಕೇಳುತ್ತದೆ. ಹಿಂಭಾಗ ಏರಿದ ಮೇಲೆ ಮೊದಲ ಗೇರಿನಲ್ಲಿ ಎಳೆಯುವಾಗ ನಡುಕ ಬಂದರೆ ಟೈರನ್ನು ಬೈಯಬೇಡಿ. ಎರಡು ತುಂಡಿನ ಪ್ರೊಪೆಲರ್ ಶಾಫ್ಟಿನ ನಡುವಿನ ಬೇರಿಂಗಿನ ಕೋನ ಬದಲಾಗಿರುತ್ತದೆ. ಆ ಬೇರಿಂಗಿನ ಬ್ರ್ಯಾಕೆಟ್‌ಗೆ ಸ್ಪೇಸರ್ ಕೊಟ್ಟು ಕೆಳಗಿಳಿಸಿದರೆ ಹೋಗುತ್ತದೆ. ಹೆಡ್‌ಲೈಟ್ ಕೂಡ ತಗ್ಗಿಸಬೇಕು, ಇಲ್ಲದಿದ್ದರೆ ಶಿರಾಡಿಯಲ್ಲಿ ಎದುರು ಬರುವ ಲಾರಿಯವರೆಲ್ಲ ಡಿಪ್ ಡಿಮ್ ಮಾಡಿ ನೆನಪಿಸುತ್ತಾರೆ.

ಭಾರ, ಲೋಡ್ ಇಂಡೆಕ್ಸ್, ಗಾಳಿ

ಕಂಪನಿ ಅಳತೆಯಲ್ಲಿ ಬರುವ ಟೈರ್‌ಗಳ ಲೋಡ್ ಇಂಡೆಕ್ಸ್ 110, 112ರ ಸುತ್ತ. 112 ಅಂದರೆ ಒಂದು ಟೈರಿಗೆ 1120 ಕೆಜಿ. ಹೊಸದು ಇದಕ್ಕಿಂತ ಕಡಿಮೆ ಇರಕೂಡದು. ಅದೇ 265/70 ಆರ್17 ಎರಡು ಬಗೆಯಲ್ಲಿ ಸಿಗುತ್ತದೆ: ಸಾಮಾನ್ಯ ಎಸ್‌ಯುವಿ ಕಟ್ಟಿನದು 115ರ ಇಂಡೆಕ್ಸ್‌ನಲ್ಲಿ, 1215 ಕೆಜಿ, ಎಲ್‌ಟಿ ಎಂದು ಬರೆದಿರುವ ಲಘು ಟ್ರಕ್ ಕಟ್ಟಿನದು 121/118ರಲ್ಲಿ, 1450 ಕೆಜಿ. ಎಲ್‌ಟಿಯ ಬದಿಗೋಡೆ ದಪ್ಪ. ಟಾರು ರಸ್ತೆಯಲ್ಲೇ ಹೆಚ್ಚು ಓಡುವವರಿಗೆ ಅದು ಗಡುಸು, ಭಾರ, ಡೀಸೆಲ್ ಕುಡುಕ. 285/70ರ ಹತ್ತು ಪ್ಲೈ ದರ್ಜೆಯ ಟೈರ್ ಒಂದೊಂದೇ 25 ಕೆಜಿ ಬರುತ್ತದೆ. ಕಂಪನಿಯದ್ದಕ್ಕಿಂತ ಏಳೆಂಟು ಕೆಜಿ ಹೆಚ್ಚು, ಅದೂ ಸುತ್ತುವ ಭಾರ. ಬ್ರೇಕ್ ಹಿಡಿಯುವ ದೂರದಲ್ಲೂ ಶಾಕ್‌ನ ಆಯುಷ್ಯದಲ್ಲೂ ಇದರ ಬಿಸಿ ತಟ್ಟುತ್ತದೆ.

ಆದರೂ ನಾವು ಆರಿಸಿದ್ದು ಎಲ್‌ಟಿಯನ್ನೇ. ಕಾರಣ ತೋಟ. ಕಾಫಿ ಗಿಡ ಕಿತ್ತ ಜಾಗದಲ್ಲಿ, ಸಿಲ್ವರ್ ಓಕ್ ಕಡಿದ ಜಾಗದಲ್ಲಿ ಓರೆಯಾಗಿ ಕತ್ತಿ ಹೊಡೆದ ಬುಡಗಳು ನೆಲದಿಂದ ನಾಲ್ಕು ಬೆರಳು ಮೇಲೆ ನಿಂತಿರುತ್ತವೆ. ಹುಲ್ಲಿನಲ್ಲಿ ಕಾಣುವುದಿಲ್ಲ. ಅವು ಚುಚ್ಚುವುದು ಟೈರಿನ ನಡುಭಾಗಕ್ಕಲ್ಲ, ಬದಿಗೆ. ಬದಿ ಹರಿದರೆ ಪಂಕ್ಚರ್ ಅಂಗಡಿಯಲ್ಲಿ ಅದಕ್ಕೆ ಮದ್ದಿಲ್ಲ. ಇಂಥ ಓಡಾಟ ಇಲ್ಲದವರು 115ರ ಸಾಮಾನ್ಯ ಕಟ್ಟಿನದನ್ನೇ ತೆಗೆದುಕೊಳ್ಳಿ, ಸುಖವಾಗಿರುತ್ತದೆ. ಮಡ್ ಟೈರ್ ಬೇಡವೆಂದದ್ದು ಒದ್ದೆ ಟಾರಿನ ಬ್ರೇಕಿಗಾಗಿ. ಘಾಟಿಯ ಇಳಿಜಾರಿನಲ್ಲಿ ಮಳೆಯಲ್ಲಿ ನಿಲ್ಲಬೇಕಾದ್ದು ವಾರದಲ್ಲಿ ಹತ್ತು ಸಲ, ಮೊಣಕಾಲುದ್ದದ ಕೆಸರು ಸಿಗುವುದು ವರ್ಷದಲ್ಲಿ ನಾಲ್ಕು ಸಲ.

ಎಲ್‌ಟಿ ಟೈರಿಗೆ ಬಾಗಿಲ ಸ್ಟಿಕ್ಕರಿನಲ್ಲಿರುವ ಗಾಳಿ ಸಾಲದು. ಅದೇ ಭಾರ ಹೊರಲು ಅದಕ್ಕೆ ಹೆಚ್ಚು ಗಾಳಿ ಬೇಕು. ಬದಿಯಲ್ಲಿ ಬರೆದಿರುವ ಗರಿಷ್ಠ ಸಂಖ್ಯೆಯೂ ನಿಮ್ಮದಲ್ಲ. ಖಾಲಿ ಗಾಡಿಗೆ ಮುಂದೆ 36, ಹಿಂದೆ 34 ಪಿಎಸ್‌ಐಯಿಂದ ಶುರುಮಾಡಿ. ಟೈರಿನ ಮೈಮೇಲೆ ಅಡ್ಡಲಾಗಿ ಸೀಮೆಸುಣ್ಣದ ದಪ್ಪ ಗೆರೆ ಎಳೆದು ಸಮತಟ್ಟಾದ ರಸ್ತೆಯಲ್ಲಿ ನೇರ ನೂರು ಮೀಟರ್ ಓಡಿಸಿ. ಗೆರೆ ನಡುವೆ ಮಾತ್ರ ಅಳಿಸಿದ್ದರೆ ಗಾಳಿ ಹೆಚ್ಚು, ಎರಡು ಅಂಚಿನಲ್ಲಿ ಅಳಿಸಿದ್ದರೆ ಕಡಿಮೆ. ಇನ್ನೊಂದು ಒರೆ: ತಣ್ಣಗಿರುವಾಗ ನೋಡಿ, ಹೈವೇಯಲ್ಲಿ ಒಂದು ಗಂಟೆ ಓಡಿಸಿ ಮತ್ತೆ ನೋಡಿ. ನಾಲ್ಕರಿಂದ ಆರು ಪಿಎಸ್‌ಐ ಏರಿದ್ದರೆ ಸರಿ. ಅದಕ್ಕಿಂತ ಹೆಚ್ಚು ಏರಿದ್ದರೆ ಟೈರ್ ಬಾಗಿ ಬಾಗಿ ಕಾಯುತ್ತಿದೆ, ಗಾಳಿ ಸಾಲುತ್ತಿಲ್ಲ ಎಂದರ್ಥ. ಹಿಂದೆ ಗೊಬ್ಬರದ ಮೂಟೆ ಹೇರಿದ ದಿನ ಹಿಂದಿನ ಎರಡಕ್ಕೆ ಏಳೆಂಟು ಪಿಎಸ್‌ಐ ಜಾಸ್ತಿ. ಕೆಸರಿಗೆ ಇಳಿಯುವಾಗ 20ಕ್ಕೆ ತರಬಹುದು, 15ಕ್ಕಿಂತ ಕೆಳಗೆ ಹೋದರೆ ತಿರುವಿನಲ್ಲಿ ಟೈರ್ ರಿಮ್ಮಿನಿಂದ ಕಳಚುವ ಅಪಾಯ. ಟಾರಿಗೆ ಹತ್ತುವ ಮೊದಲು ಗಾಳಿ ತುಂಬಲು ಕಂಪ್ರೆಸರ್ ಗಾಡಿಯಲ್ಲೇ ಇರಬೇಕು.

ಕಾನೂನಿನ ಮಾತು

ಮುಚ್ಚಿಟ್ಟು ಪ್ರಯೋಜನವಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯ 182ಎ ಕಲಮಿನಲ್ಲಿ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಲಿಫ್ಟ್ ಕಿಟ್ ಇದರಡಿ ಬರುತ್ತದೆ; ಮಡ್‌ಗಾರ್ಡಿನಿಂದ ಹೊರಗೆ ಚಾಚಿದ ಟೈರ್ ಮೊದಲು ಕಣ್ಣಿಗೆ ಬೀಳುತ್ತದೆ. ಅಪಘಾತವಾದರೆ ಇನ್ಶೂರೆನ್ಸ್‌ನವರು ಇದನ್ನೇ ಹಿಡಿಯಬಹುದು. ಅದೇ ಮಾಡೆಲ್ಲಿನ ಬೇರೆ ವೇರಿಯಂಟಿಗೆ ಕಂಪನಿಯೇ ಕೊಡುವ 265/65 ಆರ್17ರಲ್ಲಿ ಒಳ್ಳೆಯ ಆಲ್ ಟೆರೇನ್ ಹಾಕುವುದು ಎಲ್ಲಕ್ಕಿಂತ ನಿರಾತಂಕದ ದಾರಿ, ಅರ್ಧಕ್ಕರ್ಧ ಜನರಿಗೆ ಅಷ್ಟೇ ಸಾಕು.

ಹಾಕಿಸುವಾಗ ಮತ್ತು ಆಮೇಲೆ

ಟೈರ್ ಐದು ಕೊಳ್ಳಿ, ನಾಲ್ಕಲ್ಲ. ಹೈಲಕ್ಸ್‌ನ ಫೋರ್ ವೀಲ್ ಪಾರ್ಟ್ ಟೈಮ್ ಬಗೆಯದು, ನಡುವೆ ಡಿಫರೆನ್ಷಿಯಲ್ ಇಲ್ಲ. ಸ್ಟೆಪ್ನಿ ಹಳೆಯ 775ರದ್ದೇ ಉಳಿದು, ಉಳಿದ ಮೂರು 803ರದ್ದಾದರೆ, ಅದನ್ನು ಹಾಕಿಕೊಂಡು ಫೋರ್ ವೀಲ್‌ನಲ್ಲಿ ಗಟ್ಟಿ ನೆಲದ ಮೇಲೆ ಓಡಿಸಿದರೆ ಮುಂದಿನ ಹಿಂದಿನ ಚಕ್ರಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಹಿಡಿದುಕೊಳ್ಳುತ್ತದೆ. 803ರ ಸ್ಟೆಪ್ನಿ ಹಿಂದೆ ಕೆಳಗಿನ ಮೂಲ ಜಾಗದಲ್ಲೇ ಕೂರುತ್ತದೆ. 831ರದ್ದು ಬಹಳ ಬಿಗಿ. ಟೋ ಬಾರ್ ಇದ್ದರೆ ಮೊದಲು ಅಳೆದು ನೋಡಿ.

ಬದಿಯ ಮೇಲಿನ ನಾಲ್ಕಂಕಿ ಓದಿ: 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ಐದೂ ಒಂದೇ ಆಸುಪಾಸಿನವಾಗಿರಲಿ. ಹಳದಿ ಚುಕ್ಕಿ ಇದ್ದರೆ ಅದು ಟೈರಿನ ಹಗುರ ಭಾಗ, ವಾಲ್ವ್ ಪಕ್ಕಕ್ಕೇ ಬರುವಂತೆ ಕೂರಿಸಿ. ಬ್ಯಾಲೆನ್ಸಿಂಗ್ ಯಂತ್ರ ಒಂದು ಬದಿಗೆ ನೂರು ಗ್ರಾಂಗಿಂತ ಹೆಚ್ಚು ಸೀಸ ಕೇಳಿದರೆ ಸುಮ್ಮನೆ ಅಂಟಿಸಲು ಬಿಡಬೇಡಿ. ಗಾಳಿ ತೆಗೆದು ಟೈರನ್ನು ರಿಮ್ಮಿನ ಮೇಲೆ ಅರ್ಧ ಸುತ್ತು ತಿರುಗಿಸಿ ಮತ್ತೆ ನೋಡಿದರೆ ಬಹಳ ಸಲ ಅರ್ಧಕ್ಕೆ ಇಳಿಯುತ್ತದೆ. ನಟ್‌ಗಳನ್ನು ಗಾಳಿ ಗನ್ನಿನಿಂದ ಕೊನೆಯವರೆಗೆ ಹೊಡೆಸದೆ, ಟಾರ್ಕ್ ರೆಂಚಿನಿಂದ ಎದುರುಬದುರಾಗಿ ಮ್ಯಾನುಯಲ್‌ನಲ್ಲಿರುವ ಲೆಕ್ಕಕ್ಕೆ ಬಿಗಿಸಿ. ನೂರು ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ.

ಸ್ಪೀಡೋಮೀಟರ್ ಈಗ ಕಡಿಮೆ ತೋರಿಸುತ್ತದೆ. 265/70ಕ್ಕೆ ವ್ಯತ್ಯಾಸ ಶೇಕಡ 3.5ರಷ್ಟು, 285/70ಕ್ಕೆ 7. ಕಂಪನಿ ಮೀಟರ್ ಮೊದಲಿನಿಂದ ತುಸು ಹೆಚ್ಚೇ ತೋರಿಸುವುದರಿಂದ 265/70 ಹಾಕಿದಾಗ ಜಿಪಿಎಸ್‌ಗೂ ಮೀಟರಿಗೂ ತಾಳೆ ಬರುತ್ತದೆ. 285ರಲ್ಲಿ ಮೀಟರ್ 100 ಎಂದಾಗ ಗಾಡಿ ಅದಕ್ಕಿಂತ ಮುಂದಿರುವ ಸಾಧ್ಯತೆ ಹೆಚ್ಚು, ಕ್ಯಾಮೆರಾ ಮೀಟರ್ ನೋಡುವುದಿಲ್ಲ. ‘ದೊಡ್ಡ ಟೈರ್ ಹಾಕಿದ ಮೇಲೆ ಮೈಲೇಜ್ ಬಿದ್ದುಹೋಯಿತು’ ಎಂಬ ದೂರಿನ ಒಂದು ಪಾಲು ಇದೇ ಲೆಕ್ಕದ್ದು: ನಿಜದಲ್ಲಿ 100 ಕಿ.ಮೀ. ಓಡಿದಾಗ ಮೀಟರಿನಲ್ಲಿ ಏರುವುದು 96.6 ಮಾತ್ರ. ಲೀಟರಿಗೆ 11 ಎಂದು ಬಂದರೆ 1.035ರಿಂದ ಗುಣಿಸಿ, 11.4 ಆಗುತ್ತದೆ. ಆಯಿಲ್ ಬದಲಿಸುವ 10,000 ಕೂಡ ಮೀಟರಿನಲ್ಲಿ 9,650ಕ್ಕೇ ಮುಗಿದಿರುತ್ತದೆ.

ಎಂಟು ಸಾವಿರ ಕಿಲೋಮೀಟರಿಗೊಮ್ಮೆ ಐದೂ ಟೈರ್ ಸರದಿ ಬದಲಿಸಿ. ಸ್ಟೆಪ್ನಿ ಬಲ ಹಿಂಬದಿಗೆ ಬರಲಿ. ಕೆಸರಿನ ದಿನ ತೊಳೆಯುವಾಗ ಟೈರಿನ ಒಳಬದಿಗೂ ರಿಮ್ಮಿನ ಒಳಕ್ಕೂ ಪೈಪ್ ಹಿಡಿಯಿರಿ. ಅಲ್ಲಿ ಅಂಟಿ ಒಣಗಿದ ಜೇಡಿಯಿಂದಲೇ ಮರುದಿನ ಹೈವೇಯಲ್ಲಿ ಸ್ಟೇರಿಂಗ್ ನಡುಗುತ್ತದೆ, ಜನ ಹೋಗಿ ಮತ್ತೆ ಬ್ಯಾಲೆನ್ಸಿಂಗ್‌ಗೆ ದುಡ್ಡು ಕೊಟ್ಟು ಬರುತ್ತಾರೆ.